ಕೆರೆ ಖಾಲಿ ಮಾಡಿಸಿದ ವರ್ಷ

ಮೀನಿನ ಹೊಟ್ಟೆ ಸೀಳಿದಾಗ ಮೊದಲು ಹೊರಗೆ ಬಂದದ್ದು ಕೋಳಿಯ ಕಾಲುಬೆರಳು, ಉಗುರಿನ ಸಮೇತ. ಅದರ ಹಿಂದೆ ನೆಂದು ಉಂಡೆಯಾದ ಪುಕ್ಕ. ಪುಕ್ಕದೊಳಗೆ ಸಿಕ್ಕಿಕೊಂಡಿದ್ದ ರೋಹು ಮರಿಗಳು ಇನ್ನೂ ಪೂರ್ತಿ ಕರಗಿರಲಿಲ್ಲ. ಕೆರೆ ಏರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕುಕ್ಕರಗಾಲಲ್ಲಿ ಕೂತು ಈ ಕೆಲಸ ಮಾಡುತ್ತಿದ್ದೆ. ಕೈಗೆ ಗವಸು ಹಾಕಿಕೊಂಡಿದ್ದೆ. ಮೂಗಿಗೆ ಏನೂ ಇರಲಿಲ್ಲ.

ಕಡಲಿಲ್ಲದ ಜಿಲ್ಲೆಯಲ್ಲಿ ಮೀನುಗಾರಿಕೆ ಇಲಾಖೆಯವರಿಗೆ ಏನು ಕೆಲಸ ಎಂದು ಮದುವೆ ಮನೆಗಳಲ್ಲಿ ಜನ ನನ್ನನ್ನು ಕೇಳುತ್ತಾರೆ. ನಮಗೆ ಇರುವುದು ಕೆರೆಗಳು. ಮಳೆ ಬಂದು ಕೆರೆ ತುಂಬಿದರೆ ಊರಿನ ಮೀನುಗಾರರ ಸಂಘಕ್ಕೆ ಮೀನು ಹಿಡಿಯುವ ಹಕ್ಕು ಕೊಡಿಸಬೇಕು, ಬಿತ್ತನೆ ಮರಿ ತರಿಸಿ ಬಿಡಿಸಬೇಕು, ಮರಿ ದೊಡ್ಡದಾಗುವ ತನಕ ಯಾರೂ ಬಲೆ ಹಾಕದಂತೆ ನೋಡಿಕೊಳ್ಳಬೇಕು. ಬೂದಿಕೋಟೆ ಹೋಬಳಿಯ ಈ ಕೆರೆಯ ಸಂಘದಲ್ಲಿ ಹೆಂಗಸರೇ ಹೆಚ್ಚು. ಗಂಡಸರು ಗಾರೆ ಕೆಲಸಕ್ಕೆ, ಕಲ್ಲು ಕೆಲಸಕ್ಕೆ ಹೋಗುತ್ತಾರೆ. ಬಲೆ, ಬುಟ್ಟಿ, ತಕ್ಕಡಿ ಎಲ್ಲ ಇವರದು. ಸಂಘದ ಅಧ್ಯಕ್ಷೆ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬೆಳಿಗ್ಗೆ ನನಗೆ ಫೋನು ಮಾಡಿ ಕರೆಸಿಕೊಂಡದ್ದು ಅವರೇ.

“ಇದು ನಾವ್ ಬಿಟ್ಟಿದ್ ಮೀನಲ್ಲ ಮೇಡಂ,” ಎಂದರು, ನನ್ನೆದುರಿಗೆ ತಾವೂ ಕುಕ್ಕರಿಸುತ್ತ. “ಬಲೇನೆಲ್ಲ ಅರ್ದಾಕೈತೆ. ಕಾಟ್ಲಾ ಮರಿ ಒಂದೂ ಕಾಣ್ತಿಲ್ಲ. ಎಲ್ಲಿಂದ ಬಂತು ಇದು?”

ಬಂದದ್ದು ಆಫ್ರಿಕಾದ ಕ್ಯಾಟ್‌ಫಿಶ್. ನಮ್ಮ ನಾಡಿನ ಮೀಸೆ ಮೀನಿಗೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆಯಿದೆ, ಆದರೆ ತಲೆಬುರುಡೆಯ ಹಿಂಬದಿ ತಡವಿ ನೋಡಿದರೆ ಗೊತ್ತಾಗುತ್ತದೆ. ನಮ್ಮದರ ಮೂಳೆ ಒಂದೇ ಮೊನೆಯಾಗಿ ಮುಗಿಯುತ್ತದೆ, ಇದರದು ಅಂಕುಡೊಂಕು. ಇದನ್ನು ಸಾಕುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ಕೊಳೆತದ್ದನ್ನೂ ತಿನ್ನುತ್ತದೆ, ಜೀವಂತವಾದದ್ದನ್ನೂ ತಿನ್ನುತ್ತದೆ, ಬೇರೇನೂ ಸಿಗದಿದ್ದರೆ ತನ್ನ ಮರಿಗಳನ್ನೇ ತಿನ್ನುತ್ತದೆ. ನೀರಿಲ್ಲದಿದ್ದರೂ ಗಾಳಿ ಕುಡಿದುಕೊಂಡು ಬದುಕುತ್ತದೆ. ಒಮ್ಮೆ ಕೆರೆಗೆ ಬಂದರೆ ಬೇರೆ ಮೀನು ಉಳಿಯುವುದಿಲ್ಲ. ಅಷ್ಟನ್ನೂ ಅಧ್ಯಕ್ಷೆಗೆ ಹೇಳಿದೆ. ಅವರು ಪ್ಲಾಸ್ಟಿಕ್ ಹಾಳೆಯ ಮೇಲಿನ ಕೋಳಿ ಉಗುರನ್ನೇ ನೋಡುತ್ತಿದ್ದರು.

ಕೋಳಿ ಉಗುರು ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟವಾಗಲಿಲ್ಲ. ಕೆರೆಗೆ ನೀರು ತರುವ ರಾಜಕಾಲುವೆಯ ಗುಂಟ ಜೀಪಿನಲ್ಲಿ ಮೇಲಕ್ಕೆ ಹೋದೆವು. ಚಾಲಕ ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ಗಣಿ ಮುಚ್ಚಿದ ಮೇಲೂ ಅವನ ಮನೆಯವರು ಅಲ್ಲೇ ಉಳಿದಿದ್ದರು. ನನ್ನ ಹತ್ತಿರ ಕನ್ನಡ, ತನ್ನಷ್ಟಕ್ಕೆ ತಾನು ಆಡಿಕೊಳ್ಳುವಾಗ ತಮಿಳು. ಮಾವಿನ ತೋಪು ದಾಟುತ್ತಿದ್ದಂತೆ ಟವಲ್ಲಿನಿಂದ ಮೂಗು ಮುಚ್ಚಿಕೊಂಡು, “ಎನ್ನ ನಾತ್ತಂ, ಸಾಮಿ,” ಎಂದ.

ತೋಪಿನ ಹಿಂದೆ ಹಸಿರು ಪರದೆ ಕಟ್ಟಿದ್ದರು. ಪರದೆಯ ಆಚೆ ಸಾಲಾಗಿ ಹೊಂಡಗಳು. ದಡದಲ್ಲಿ ನೀಲಿ ಡ್ರಮ್ಮುಗಳು, ಮೇಲೆ ನೊಣದ ಮುಸುಕು. ನಾವು ನೋಡುತ್ತಿದ್ದಂತೆಯೇ ಒಬ್ಬ ಆಳು ಡ್ರಮ್ಮೊಂದನ್ನು ಬಗ್ಗಿಸಿ ಹೊಂಡಕ್ಕೆ ಸುರಿದ. ಕರುಳು, ತಲೆ, ಕಾಲು, ಪುಕ್ಕ, ಎರಡು ಮೂರು ದಿನದ್ದಿರಬೇಕು, ತೆಳ್ಳಗೆ ನೊರೆ ಬಂದಿತ್ತು. ಅದು ನೀರಿಗೆ ಬಿದ್ದ ಕೂಡಲೇ ಹೊಂಡ ಕುದಿಯುವ ಹಾಗೆ ಮೇಲೆದ್ದಿತು. ಕಪ್ಪು ಬೆನ್ನುಗಳು, ಒಂದರ ಮೇಲೊಂದು, ತೆರೆದ ಬಾಯಿಗಳು. ಮಾವಿನ ಮರವೊಂದನ್ನು ಹಿಡಿದುಕೊಂಡು ನಿಂತೆ.

ಹೊಂಡದ ಮಾಲೀಕ ಮೂಲತಃ ಗುತ್ತಿಗೆದಾರ. ಬಿಳಿ ಅಂಗಿ, ಮೃದು ಮಾತು. ನಮಗೆ ಎಳನೀರು ಕೊಚ್ಚಿಸಿದ. ನಾನು ಮುಟ್ಟಲಿಲ್ಲ. ನಿಷೇಧದ ವಿಷಯ ಹೇಳಿದಾಗ ಅವನಿಗೆ ಸಿಟ್ಟೂ ಬರಲಿಲ್ಲ, ಗಾಬರಿಯೂ ಆಗಲಿಲ್ಲ.

“ಅಕ್ಕಾ, ಬಂಗಾರಪೇಟೆ, ಕೆಜಿಎಫ್ ಕೋಳಿ ಅಂಗ್ಡಿ ಕಸ ಎಲ್ಲಾ ನಾನೇ ಎತ್ತೋದು,” ಎಂದ. “ಇಲ್ದಿದ್ರೆ ರೋಡಲ್ಲಿ ಬಿದ್ದು ನಾಯಿ ಎಳ್ದಾಡ್ತವೆ. ಕಸ ಖಾಲಿ ಆಯ್ತು, ಮೀನೂ ಆಯ್ತು. ನೀವ್ ಮೀಟಿಂಗಲ್ಲಿ ಏಳ್ತೀರಲ್ಲ, ಸುಸ್ಥಿರ, ಅದೇ ಅಲ್ವಾ ಇದು?”

ನಮ್ಮ ಇಲಾಖೆಯ ಕೈಪಿಡಿಯಲ್ಲಿ ಹೆಚ್ಚುಕಡಿಮೆ ಇದೇ ಮಾತುಗಳಿವೆ. ಒಂದು ಕೃಷಿಯ ತ್ಯಾಜ್ಯ ಇನ್ನೊಂದರ ಆಹಾರ ಎಂದು ನಾನೇ ಎಷ್ಟೋ ಊರುಗಳಲ್ಲಿ ಭಾಷಣ ಮಾಡಿದ್ದೇನೆ. ಅವನ ಬಾಯಲ್ಲಿ ಕೇಳಿದಾಗ ಆ ಶಬ್ದವೇ ಡ್ರಮ್ಮಿನಲ್ಲಿ ಅದ್ದಿ ತೆಗೆದ ಹಾಗಿತ್ತು.

ನಿಮ್ಮ ಮನೆಯಲ್ಲಿ ಈ ಮೀನು ಮಾಡುತ್ತೀರಾ ಎಂದು ಕೇಳಿದೆ.

“ಛೆ ಛೆ, ನಾವ್ ತಿನ್ನಲ್ಲಕ್ಕಾ. ಇದೆಲ್ಲ ಒರಗಡೆಗೆ ಓಗೋದು.”

ಹೊರಗಡೆ ಎಂದರೆ ಎಲ್ಲಿ, ಯಾರ ತಟ್ಟೆಗೆ ಎಂದು ಅವನು ಹೇಳಲಿಲ್ಲ. ಮಳೆಗಾಲದಲ್ಲಿ ಹೊಂಡ ಉಕ್ಕಿ ರಾಜಕಾಲುವೆಗೆ ಹರಿದಿರುವ ಗುರುತು ಮಣ್ಣಿನಲ್ಲಿ ಇನ್ನೂ ಹಾಗೇ ಇತ್ತು. ಚಾಲಕ ಅದರ ಫೋಟೊ ತೆಗೆದ.

ಮುಂದಿನದು ಕ್ರಮದ ಕೆಲಸ. ಪಂಚನಾಮೆ, ನೀರಿನ ಮಾದರಿ, ಮೀನಿನ ಮಾದರಿ, ನೋಟಿಸು, ತಹಶೀಲ್ದಾರರಿಗೆ ಪತ್ರ, ಪೊಲೀಸರಿಗೆ ಮನವಿ. ಹೊಂಡ ನಾಶ ಮಾಡಲು ಆದೇಶ ಬೇಗನೇ ಬಂತು. ಅದು ನನಗೆ ಆಶ್ಚರ್ಯ. ಕಾರಣ ಜಿಲ್ಲಾ ಕಚೇರಿಗೆ ಹೋದಾಗ ತಿಳಿಯಿತು. ನಮ್ಮ ಮೇಲಧಿಕಾರಿ ಅದೇ ಕೆರೆಯನ್ನು ಸುಸ್ಥಿರ ಮೀನುಗಾರಿಕೆಯ ಮಾದರಿ ಕೆರೆ ಎಂದು ಆರಿಸಿ ಮೇಲಕ್ಕೆ ಕಳಿಸಿದ್ದರು. ಗಣ್ಯರೊಬ್ಬರು ಬಂದು ಮೀನುಮರಿ ಬಿಡುವ ಕಾರ್ಯಕ್ರಮ ನಿಗದಿಯಾಗಿತ್ತು. ಅಷ್ಟರೊಳಗೆ ಕಾಲುವೆಯ ಮೇಲ್ಗಡೆಯ ಹೊಂಡಗಳ ವಾಸನೆ ನಿಲ್ಲಬೇಕಿತ್ತು.

ಕೆರೆಯೊಳಗೂ ಕ್ಯಾಟ್‌ಫಿಶ್ ಸೇರಿದೆ, ಈಗ ಮರಿ ಬಿಟ್ಟರೆ ಅವಕ್ಕೆ ಊಟ ಹಾಕಿದಂತೆ ಎಂದೆ. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿದರು.

“ಒಂದೆರಡು ತಪ್ಪಿಸಿಕೊಂಡು ಬಂದಿರಬಹುದು. ಹೊಂಡ ಮುಚ್ಚಿಸಿ, ಅದು ಒಳ್ಳೆ ಕೆಲಸ. ಕೆರೆ ವಿಷಯ ಮಾತ್ರ ಈಗ ಬರೆಯಬೇಡಿ,” ಎಂದರು. ದನಿಯಲ್ಲಿ ಒರಟುತನ ಸ್ವಲ್ಪವೂ ಇರಲಿಲ್ಲ. ಚಹಾ ತರಿಸಿದರು.

ಹೊಂಡ ಮುಚ್ಚಿಸುವುದೆಂದರೆ ಮೊದಲು ಪಂಪು ಹಾಕಿ ನೀರು ತೆಗೆಯಬೇಕು, ಆ ನೀರು ಕಾಲುವೆಗೆ ಹೋಗದಂತೆ ಬೇರೆ ಗುಂಡಿಗೆ ತಿರುಗಿಸಬೇಕು, ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು, ಮರಿಯೂ ದಾಟಬಾರದು. ಪಕ್ಕದಲ್ಲಿ ಜೆಸಿಬಿಯಿಂದ ಆಳದ ಗುಂಡಿ ತೋಡಿಸಿ, ಮೀನು ಸುರಿದು, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ, ಮಣ್ಣು ಮುಚ್ಚಬೇಕು. ಬರೆಯಲು ಸುಲಭ. ನೀರು ತೆಗೆದ ಮೇಲೆ ಹೊಂಡದ ತಳ ಉಸಿರಾಡುವ ಕೆಸರಾಯಿತು. ಮೀನು ಸಾಯಲೊಲ್ಲದು. ಗುಂಡಿಗೆ ಸುರಿದು ಸುಣ್ಣ ಹಾಕಿದರೂ ಬಿಳಿ ಮೈಯಾಗಿ ಮೇಲೆ ಬರುತ್ತಿದ್ದವು. ಜೆಸಿಬಿಯವನು ಮಧ್ಯಾಹ್ನದ ಊಟದ ಡಬ್ಬಿ ತೆರೆಯಲೇ ಇಲ್ಲ.

ಸಂಜೆಗೆ ಹದವಾದ ಮಳೆ ಬಂದು ಕೆಲಸ ನಿಂತಿತು. ಬೆಳಿಗ್ಗೆ ಹೋಗಿ ನೋಡಿದರೆ ಒದ್ದೆ ಹುಲ್ಲಿನ ಮೇಲೆ ಹೊಂಡದಿಂದ ಕಾಲುವೆಯ ಕಡೆಗೆ ಲೋಳೆಯ ಗೆರೆಗಳು. ರೆಕ್ಕೆಯ ಮುಳ್ಳೂರಿ ತೆವಳಿಕೊಂಡು ಹೋಗಿದ್ದವು. ದಾರಿಯಲ್ಲೇ ಉಳಿದವನ್ನು ಸುತ್ತಲಿನ ಊರುಗಳ ಜನ ಆಯ್ದು ಚೀಲಕ್ಕೆ ತುಂಬುತ್ತಿದ್ದರು. ತಡೆಯಬೇಕಾದವಳು ನಾನು. ಪೊಲೀಸರು ಇನ್ನೂ ಬಂದಿರಲಿಲ್ಲ.

ಕೂಲಿಗೆ ಹೊರಟಿದ್ದ ಒಬ್ಬ ಹೆಂಗಸು ಸೆರಗಿನಲ್ಲಿ ಒಂದೇ ಮೀನು ಕಟ್ಟಿಕೊಂಡಿದ್ದಳು. ಕೊಡಮ್ಮ ಎಂದೆ. ಕೊಡಲಿಲ್ಲ. ಅದು ಏನು ತಿಂದು ಬೆಳೆದಿದೆ ಎಂದು ವಿವರಿಸಿದೆ. ಕೇಳಿಸಿಕೊಂಡಳು.

“ತಿನ್ನೋಕೂ ಬಿಡಲ್ಲ, ಸುಣ್ಣ ಆಕಿ ಊತಾಕ್ತೀರ,” ಎಂದಳು. “ಅವ್ನು ಇಷ್ಟ್ ದಿವ್ಸ ಲಾರಿ ತುಂಬ ಮಾರ್ದಾಗ ಎಲ್ಲಿದ್ರಿ ನೀವು?”

ನಾನು ಕೈ ಚಾಚಿದೆ. ಅವಳು ಗಂಟು ಬಿಚ್ಚಿ ಮೀನನ್ನು ನೆಲಕ್ಕೆ ಹಾಕಿ ಹೋದಳು. ಅದು ನನ್ನ ಚಪ್ಪಲಿಯ ಹತ್ತಿರ ಬಾಯಿ ತೆರೆಯುತ್ತ ಬಿದ್ದಿತ್ತು. ಆ ಬೆಳಗಿನಲ್ಲಿ ನನಗೆ ಅತ್ಯಂತ ಅಸಹ್ಯವೆನಿಸಿದ್ದು ಮೀನಲ್ಲ. ಮಾಲೀಕ ತೋಪಿನ ಅಂಚಿನಲ್ಲಿದ್ದ ತನ್ನ ಮನೆಯ ಜಗಲಿಯ ಮೇಲೆ ಪೇಪರು ಓದುತ್ತ ಕೂತಿದ್ದ. ನಾನು ಕೂಲಿ ಹೆಂಗಸಿನ ಸೆರಗು ಬಿಚ್ಚಿಸುತ್ತಿದ್ದೆ. ಕಾನೂನು ನನ್ನ ಕೈಗೆ ಸಿಕ್ಕಿದ್ದು ಹಾಗೆ.

ಹೊಂಡಗಳು ಮುಚ್ಚಿದ ಮೇಲೆ ಸಂಘದವರನ್ನು ಕರೆದು ಕೆರೆಯಲ್ಲಿ ಪರೀಕ್ಷೆಗೆ ಎಳೆಬಲೆ ಹಾಕಿಸಿದೆ. ಏರಿಯ ಹತ್ತಿರ, ತೂಬಿನ ಹತ್ತಿರ, ಹಿನ್ನೀರಿನ ಜೊಂಡಿನಲ್ಲಿ. ಮೂರು ಕಡೆಯೂ ಬಲೆ ತುಂಬ ಕಪ್ಪು ಮೀನು. ಒಂದೋ ಎರಡೋ ದೊಡ್ಡ ಕಾಟ್ಲಾ, ಬಾಲ ಕಚ್ಚಿಸಿಕೊಂಡವು. ಕೆರೆಯಲ್ಲೇ ಹುಟ್ಟಿ ಬೆಳೆಯುವ ನಮ್ಮ ಕೊರಮೀನಿನ ಸುಳಿವೇ ಇಲ್ಲ. ಈ ವಿವರ ಬರೆದು ಕಾರ್ಯಕ್ರಮ ಮುಂದೂಡಬೇಕೆಂದು ಕೋರಿ ಜಿಲ್ಲಾ ಕಚೇರಿಗೆ ಕಳಿಸಿದೆ. ಮೇಲಧಿಕಾರಿ ಫೋನು ಮಾಡಿ ಶಾಮಿಯಾನ ಯಾವ ಕಡೆ ಹಾಕಿಸುತ್ತೀರಿ ಎಂದು ಕೇಳಿದರು. ನನ್ನ ಪತ್ರದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಧ್ಯಕ್ಷೆಗೆ ಇದನ್ನೆಲ್ಲ ಹೇಳಿದ್ದೆ. ಆದರೂ ಅವರು ಕಾರ್ಯಕ್ರಮ ಬೇಡ ಅನ್ನಲಿಲ್ಲ. ಸರ್ಕಾರದ ಮರಿ ಬಿಟ್ಟಿ ಬರುತ್ತದೆ, ನೂರರಲ್ಲಿ ಹತ್ತು ಉಳಿದರೂ ಉಳಿಯಲಿ ಎಂಬ ಆಸೆ ಅವರಿಗೆ.

ಕಾರ್ಯಕ್ರಮದ ದಿನ ಕೆರೆಯಂಗಳದಲ್ಲಿ ಶಾಮಿಯಾನ, ಮೈಕು, ಸಮವಸ್ತ್ರದ ಮಕ್ಕಳು. ಸಂಘದ ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ ಕೊಡಿಸಿದ್ದರು. ಮರಿ ಉತ್ಪಾದನಾ ಕೇಂದ್ರದಿಂದ ಲಾರಿಯಲ್ಲಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬಂದಿದ್ದವು. ಚೀಲವನ್ನು ಮೊದಲು ಕೆರೆಯ ನೀರಿನಲ್ಲಿ ತೇಲಲು ಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ ಮರಿಗಳು ತಾವಾಗಿ ಈಜಿ ಹೋಗಲು ಬಿಡಬೇಕು. ಗಣ್ಯರಿಗೆ ಇನ್ನೊಂದು ಕಡೆ ಹೋಗಬೇಕಿತ್ತು. ಕಾರ್ಪೆಟ್ಟಿನ ತುದಿಯಲ್ಲಿ ನಿಂತು ಕತ್ತರಿಯಿಂದ ಚೀಲ ಕತ್ತರಿಸಿ, ಎತ್ತರದಿಂದಲೇ ಸುರಿದರು. ಅವರ ಹಿಂದೆ ಮತ್ತಿಬ್ಬರು, ಅವರ ಹಿಂದೆ ನಮ್ಮ ಮೇಲಧಿಕಾರಿ.

ಬೆಳ್ಳಿಯ ಹೊಟ್ಟಿನ ಹಾಗೆ ಮರಿಗಳು ದಡದಲ್ಲಿ ಚೆದುರಿದವು. ಸ್ವಲ್ಪ ಹೊತ್ತು ನೀರು ಸುಮ್ಮನಿತ್ತು. ಆಮೇಲೆ ಅಲ್ಲೊಂದು ಇಲ್ಲೊಂದು ಸುಳಿ. ಆಮೇಲೆ ಇಡೀ ದಡ ಕಲಕಿತು. ಹನಿ ಹಾರಿ ಗಣ್ಯರ ಪಂಚೆಯ ಅಂಚು ನೆನೆಯಿತು. ನಿರೂಪಕ ಮೈಕಿನಲ್ಲಿ, ಮರಿಗಳು ಸಂತೋಷದಿಂದ ಕುಣಿಯುತ್ತಿವೆ ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಮಿಯಾನದ ತುಂಬ ಚಪ್ಪಾಳೆ.

ಅಧ್ಯಕ್ಷೆ ನನ್ನ ಪಕ್ಕದಲ್ಲೇ ನಿಂತಿದ್ದರು. “ಮೇಡಂ,” ಎಂದರು ಮೆಲ್ಲಗೆ, “ಕುಣೀತಿರೋದು ಮರಿ ಅಲ್ಲ ಮೇಡಂ.”

ನನಗೂ ಕಾಣಿಸುತ್ತಿತ್ತು. ಕಪ್ಪು ಬೆನ್ನುಗಳು ಕಾರ್ಪೆಟ್ಟಿನ ಬುಡದ ತನಕ ಬಂದಿದ್ದವು. ಮಾವಿನ ತೋಪಿನ ಹಿಂದೆ ಡ್ರಮ್ಮು ಬಗ್ಗಿಸಿದ ಆಳಿಗೂ ಇಲ್ಲಿ ಕತ್ತರಿ ಹಿಡಿದವರಿಗೂ ಆ ಮೀನಿನ ಲೆಕ್ಕದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಮೇಲಧಿಕಾರಿ ಲಾರಿಯ ಕಡೆ ಕೈ ಮಾಡಿ, ಉಳಿದ ಚೀಲಗಳನ್ನೂ ತರಿಸಿ ಎಂದು ಸನ್ನೆ ಮಾಡಿದರು. ಲಾರಿಯಲ್ಲಿ ಇನ್ನೂ ಮುಕ್ಕಾಲು ಪಾಲು ಮರಿ ಉಳಿದಿತ್ತು.

ನಾನು ಲಾರಿಯ ಹತ್ತಿರ ಹೋಗಿ ಹಿಂಬಾಗಿಲು ಹಾಕಿಸಿದೆ. ತಾಲ್ಲೂಕಿನ ಇನ್ನೊಂದು ತುದಿಯಲ್ಲಿ ಶುದ್ಧವಾದ ಒಂದು ಕೆರೆಯಿತ್ತು, ಅಲ್ಲಿನ ಸಂಘದವರೂ ಮರಿಗೆ ಕಾಯುತ್ತಿದ್ದರು. ಅಲ್ಲಿಗೆ ಹೋಗಿ ಎಂದು ಲಾರಿಯವನಿಗೆ ಹೇಳಿ, ದಾರಿ ತೋರಿಸಲು ನನ್ನ ಜೀಪಿನ ಚಾಲಕನನ್ನೇ ಕೂರಿಸಿ ಕಳಿಸಿದೆ. ಅವನು ಒಮ್ಮೆ ಶಾಮಿಯಾನದ ಕಡೆ, ಒಮ್ಮೆ ನನ್ನ ಮುಖ ನೋಡಿ ಹತ್ತಿಕೊಂಡ. ಲಾರಿ ಕೆರೆಯ ಏರಿಯನ್ನು ಹತ್ತುವಾಗ ಮೇಲಧಿಕಾರಿ ನನ್ನ ಹತ್ತಿರ ಬಂದರು. ಮುಖದಲ್ಲಿ ನಗು ಹಾಗೇ ಇತ್ತು, ಕ್ಯಾಮೆರಾಗಳು ಇನ್ನೂ ಇದ್ದವಲ್ಲ.

“ಏನು ಮಾಡ್ತಾ ಇದೀರಿ ಅಂತ ಗೊತ್ತಾ ನಿಮಗೆ?”

“ಈ ಕೆರೆಗೆ ಮರಿ ಬಿಡಲ್ಲ ಸರ್. ಬರೆದುಕೊಡ್ತೀನಿ,” ಎಂದೆ.

ಧೈರ್ಯದಿಂದ ಮಾಡಿದ ಕೆಲಸವಲ್ಲ ಅದು. ಇನ್ನೊಂದು ಚೀಲ ಆ ನೀರಿಗೆ ಬೀಳುವುದನ್ನು, ಇನ್ನೊಂದು ಚಪ್ಪಾಳೆಯನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೇ.

ಆದರೆ ಮರಿ ಬಿಡದಿದ್ದ ಮಾತ್ರಕ್ಕೆ ಕೆರೆ ಸರಿಹೋಗುವುದಿಲ್ಲ. ಮರುದಿನ ಸಂಘದವರನ್ನು ಕೂರಿಸಿಕೊಂಡು ಇರುವ ಒಂದೇ ದಾರಿ ಹೇಳಿದೆ. ಕೆರೆ ಖಾಲಿ ಮಾಡಬೇಕು. ಬೇಸಿಗೆ ಹತ್ತಿರವಿತ್ತು, ನೀರು ಹೇಗೂ ಇಳಿಯುತ್ತಿತ್ತು. ತೂಬಿಗೆ ಬಲೆ ಕಟ್ಟಿ ಉಳಿದ ನೀರನ್ನು ಅಚ್ಚುಕಟ್ಟಿನ ಹೊಲಗಳಿಗೆ ಬಿಟ್ಟು, ಮೀನೆಲ್ಲ ಹಿಡಿದು ಹೂತು, ತಳ ಬಿರುಕು ಬಿಡುವ ತನಕ ಒಣಗಿಸಬೇಕು. ಕೆಸರಿನೊಳಗೆ ಹೂತುಕೊಂಡು ಬದುಕುವ ಮೀನು ಇದು, ತೇವ ಉಳಿದರೆ ಇದೂ ಉಳಿಯುತ್ತದೆ. ಅಂದರೆ ಆ ವರ್ಷ ಸಂಘಕ್ಕೆ ಮೀನಿಲ್ಲ. ಮುಂದಿನ ಮಳೆ ಕೈಕೊಟ್ಟರೆ ಅದರ ಮುಂದಿನ ವರ್ಷವೂ ಇಲ್ಲ.

ಹೆಂಗಸರು ಜೋರಾಗಿ ಮಾತಾಡಿದರು. ಹಿಡಿದದ್ದನ್ನಾದರೂ ಮಾರಲು ಬಿಡಿ ಎಂದರು ಕೆಲವರು. ಅದೂ ಆಗುವುದಿಲ್ಲ ಎಂದಾಗ ಎದ್ದು ಹೋದರು. ಅಧ್ಯಕ್ಷೆ ಮಾತ್ರ ಕೂತಿದ್ದರು.

“ತಪ್ಪು ಮಾಡ್ದೋನ್ ಒಬ್ಬ, ಸೀರೆ ಕೊಟ್ಟೋರ್ ಒಬ್ರು, ಉಪಾಸ ನಮ್ಗೆ,” ಎಂದರು. ಎದ್ದು ಸೀರೆ ಕೊಡವಿಕೊಳ್ಳುತ್ತ, “ತೂಬು ಯಾವಾಗ ಎತ್ತುಸ್ತೀರಾ?” ಎಂದು ಕೇಳಿದರು.

ಖಾಲಿ ಮಾಡಿದ ದಿನಗಳನ್ನು ವಿವರವಾಗಿ ಬರೆಯಲಾರೆ. ನೀರು ಇಳಿದಂತೆ ಮೀನು ನಡುವಿನ ಹಳ್ಳಕ್ಕೆ ಸರಿಯಿತು. ಎದ್ದು ಹೋಗಿದ್ದವರೂ ಒಬ್ಬೊಬ್ಬರಾಗಿ ವಾಪಸು ಬಂದರು. ಕೆರೆ ಅವರದು, ಬೇರೆಯವರು ಕೈಹಾಕುವುದು ಅವರಿಗೆ ಸೇರಲಿಲ್ಲ. ಬಲೆ ಎಳೆದು, ಬುಟ್ಟಿಯಲ್ಲಿ ಹೊತ್ತು, ಗುಂಡಿಗೆ ಸುರಿದರು. ಸಾಯದವನ್ನು ದೊಣ್ಣೆಯಿಂದ ತಲೆಗೆ ಹೊಡೆಯಬೇಕಿತ್ತು. ಮೊದಲು ಹೊಡೆದದ್ದು ಅಧ್ಯಕ್ಷೆ. ಆಮೇಲೆ ನಾನೂ ಹೊಡೆದೆ, ನೋಡುತ್ತ ನಿಲ್ಲುವುದು ಸರಿಯೆನಿಸಲಿಲ್ಲ. ಲೋಳೆ, ರಕ್ತ, ಸುಣ್ಣದ ಉರಿ. ಹುಡುಕಿದಾಗ ಜೊಂಡಿನ ಬುಡದಲ್ಲಿ ನಮ್ಮ ಕೊರಮೀನು ಕೆಲವು ಸಿಕ್ಕವು. ಅವನ್ನು ಡ್ರಮ್ಮಿನಲ್ಲಿ ಹಾಕಿ ಪಕ್ಕದೂರಿನ ಕುಂಟೆಯ ನೀರಿಗೆ ಸಾಗಿಸಿದೆವು. ಅರ್ಧಕ್ಕರ್ಧ ದಾರಿಯಲ್ಲೇ ಸತ್ತವು. ಮನೆಗೆ ಬಂದು ಎಷ್ಟು ಉಜ್ಜಿ ತೊಳೆದರೂ ಬೆರಳು ಮೂಗಿನ ಹತ್ತಿರ ತರಲು ಆಗುತ್ತಿರಲಿಲ್ಲ. ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದೆ.

ಆಮೇಲಿನದು ಹೀಗಾಯಿತು. ಕಾರ್ಯಕ್ರಮದ ಚಿತ್ರ ಇಲಾಖೆಯ ಪುಸ್ತಿಕೆಯಲ್ಲಿ ಬಂತು. ಕತ್ತರಿ, ಚೀಲ, ಚಿಮ್ಮುತ್ತಿರುವ ನೀರು. ಕೆಳಗೆ ಮಾದರಿ ಕೆರೆ ಎಂದು ಬರೆದಿತ್ತು. ಅದು ಅಚ್ಚಾಗಿ ಬರುವ ಹೊತ್ತಿಗೆ ಕೆರೆಯಲ್ಲಿ ಕುರಿ ಮೇಯುತ್ತಿದ್ದವು. ಹೊಂಡದ ಮಾಲೀಕನ ಮೇಲಿನ ಮೊಕದ್ದಮೆ ಮುಂದಕ್ಕೆ ಹೋಗುತ್ತಲೇ ಇದೆ. ಗಡಿಯ ಆಚೆ, ಆಂಧ್ರದ ಕಡೆ, ಅವನು ಮತ್ತೆ ಹಸಿರು ಪರದೆ ಕಟ್ಟಿದ್ದಾನೆಂದು ಚಾಲಕ ಕೇಳಿಕೊಂಡು ಬಂದ. ಅಲ್ಲಿ ನನ್ನ ಅಧಿಕಾರ ನಡೆಯುವುದಿಲ್ಲ. ನನಗೆ ನೋಟಿಸು ಬಂತು. ಸರ್ಕಾರದ ಬಿತ್ತನೆ ಮರಿಯನ್ನು ಅನುಮತಿಯಿಲ್ಲದೆ ಬೇರೆಡೆಗೆ ಸಾಗಿಸಿದ್ದೇಕೆ ಎಂದು ಬೆಂಗಳೂರಿಗೆ ಬಂದು ಉತ್ತರ ಕೊಡಬೇಕಿತ್ತು.

ಬಂಗಾರಪೇಟೆ ನಿಲ್ದಾಣದಲ್ಲಿ ಬೆಳಗಿನ ರೈಲಿಗೆ ಕಾಯುತ್ತ ನಿಂತಿದ್ದೆ. ಕೆಲಸಕ್ಕೆ ಹೋಗುವವರಿಂದ ಪ್ಲಾಟ್‌ಫಾರ್ಮ್ ತುಂಬಿತ್ತು. ಆ ಗುಂಪಿನಲ್ಲಿ ಊಟದ ಬ್ಯಾಗು ಹಿಡಿದ ಅಧ್ಯಕ್ಷೆಯನ್ನು ಕಂಡೆ. ಅವರ ಜೊತೆ ಸಂಘದ ಇನ್ನಿಬ್ಬರು. ಬೆಂಗಳೂರಿನಲ್ಲಿ ಯಾವುದೋ ದೊಡ್ಡ ಕಟ್ಟಡದ ನೆಲ ಒರೆಸುವ ಕೆಲಸ, ಕೆರೆ ಒಣಗಿದಾಗಿನಿಂದ ದಿನವೂ ಹೋಗಿ ಬರುತ್ತಿದ್ದಾರಂತೆ. ನನ್ನನ್ನು ನೋಡಿ ಅವರು ಮುಖ ತಿರುಗಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರೇ ಹತ್ತಿರ ಬಂದರು. ನಾನು ಎಲ್ಲಿಗೆ ಹೊರಟಿದ್ದೇನೆಂದು ಕೇಳಿ ತಿಳಿದುಕೊಂಡರು.

“ನಿಮ್ಮನ್ನೇ ಕರ್ಸವ್ರಾ,” ಎಂದರು.

ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನೆಲ ಒರೆಸಲು ಹೊರಟವರನ್ನು ಅದನ್ನು ಕೇಳುವುದೂ ಒಂದು ನಾಚಿಕೆಗೇಡು ಎನಿಸಿ ನುಂಗಿಕೊಂಡೆ. ಕೆಜಿಎಫ್ ಕಡೆಯಿಂದ ರೈಲು ಬರುವುದು ಕಾಣಿಸಿತು. ಜನ ಮುಂದಕ್ಕೆ ನೂಕಿದರು.

“ಮಳೆ ಬಂದು ಕೆರೆ ತುಂಬುದ್ರೆ ನಾನೇ ಫೋನ್ ಮಾಡ್ತೀನಿ,” ಎಂದರು ಅಧ್ಯಕ್ಷೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. “ಮರಿ ತಕೊಂಡ್ ಬನ್ನಿ ಮೇಡಂ. ಯಾರ್ನೂ ಕರ್ಕೊಂಡ್ ಬರಬ್ಯಾಡಿ. ನೀವೊಬ್ರೇ ಬನ್ನಿ.”

ರೈಲು ನಿಲ್ಲುವ ಮೊದಲೇ ಅವರು ಬಾಗಿಲ ಕಂಬಿ ಹಿಡಿದು ಹತ್ತಿ, ಒಳಗೆ ಜಾಗ ಹಿಡಿದು, ಕಿಟಕಿಯಿಂದ ಕೈ ಚಾಚಿ ನನ್ನನ್ನೂ ಕರೆದರು.